ಬೆರಳಚ್ಚು ಎಲ್ಲೆಲ್ಲಿ ಉಳಿದಿದೆ: ಎಣಿಸುವುದು, ಕಾಪಾಡುವುದು, ಅಳಿಸುವುದು

ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯ ಉಗ್ರಾಣದಲ್ಲಿ ಹಳೆಯ ಹಾಜರಾತಿ ಯಂತ್ರವೊಂದು ಬಿದ್ದಿತ್ತು. ಹೊಸದು ಬಂದ ಮೇಲೆ ಗೋಡೆಯಿಂದ ಕಿತ್ತು ಅಲ್ಲಿಟ್ಟಿದ್ದರು. ಗುಜರಿಗೆ ಹಾಕುವ ಮುಂಚೆ ಒಮ್ಮೆ ನೋಡೋಣವೆಂದು ಪ್ಲಗ್ ಹಾಕಿದೆ. ಮೆನು ಗುಂಡಿ ಒತ್ತಿದರೆ ಯಾವ ಪಾಸ್‌ವರ್ಡನ್ನೂ ಕೇಳಲಿಲ್ಲ. ಕೆಲಸ ಬಿಟ್ಟು ವರ್ಷಗಳೇ ಆದವರ ಹೆಸರುಗಳು ಒಳಗಿದ್ದವು. ಒಂದೊಂದು ಹೆಸರಿನ ಮುಂದೆಯೂ ಎರಡು ಬೆರಳು ದಾಖಲಾಗಿವೆ ಎಂಬ ಗುರುತು. ಬದಿಯಲ್ಲಿ ಪೆನ್‌ಡ್ರೈವ್ ಹಾಕುವ ಕಿಂಡಿ, ಮೆನುವಿನಲ್ಲಿ ಬಳಕೆದಾರರ ಮಾಹಿತಿಯನ್ನು ಇಳಿಸಿಕೊಳ್ಳುವ ಆಯ್ಕೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಯಾರೂ ಕದ್ದಿರಲಿಲ್ಲ, ಯಾರೂ ದಾಳಿ ಮಾಡಿರಲಿಲ್ಲ. ಅಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಬೆರಳಚ್ಚಿನ ಸುರಕ್ಷತೆ ಎಂದಾಗ ನಾವು ಬೀಗ ಎಷ್ಟು ಗಟ್ಟಿ ಎಂದು ಕೇಳುತ್ತೇವೆ. ಅದಕ್ಕಿಂತ ಮೊದಲು ಕೇಳಬೇಕಾದ್ದು, ನನ್ನ ಬೆರಳಚ್ಚಿನ ಪ್ರತಿಗಳು ಎಷ್ಟು ಕಡೆ ಇವೆ ಎಂದು. ಪಾಸ್‌ವರ್ಡ್ ಸೋರಿದರೆ ಬೇರೆಯದನ್ನು ಇಟ್ಟುಕೊಳ್ಳಬಹುದು. ಬೆರಳಿನ ಗೆರೆ ಹುಟ್ಟುವ ಮೊದಲೇ ಮೂಡಿ, ಜೀವಮಾನವಿಡೀ ಹಾಗೇ ಇರುತ್ತದೆ. ಆದ್ದರಿಂದ ಈ ಬರಹದ ಬಹುಪಾಲು ಪ್ರತಿಗಳನ್ನು ಕಡಿಮೆ ಮಾಡುವ ಬಗ್ಗೆಯೇ ಇದೆ. ಮೊದಲರ್ಧ ಬೆರಳು ಕೊಡುವವರಿಗೆ, ಉಳಿದದ್ದು ಬೇರೆಯವರ ಬೆರಳಚ್ಚನ್ನು ಕಾಪಿಡುವ ಹೊಣೆ ಹೊತ್ತವರಿಗೆ. ನಿಮ್ಮ ಕಚೇರಿಯಲ್ಲಿ ಹಾಜರಾತಿ ಯಂತ್ರವಿದ್ದರೆ ಎರಡೂ ಭಾಗ ನಿಮ್ಮವೇ.

ಯಂತ್ರದೊಳಗೆ ಉಳಿಯುವುದು ಏನು

ಬೆರಳನ್ನು ಗಾಜಿನ ಮೇಲಿಟ್ಟಾಗ ಸ್ಕ್ಯಾನರ್ ಮೊದಲು ಅದರ ಚಿತ್ರ ತೆಗೆಯುತ್ತದೆ. ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂದು ತಂತ್ರಾಂಶ ಹುಡುಕುತ್ತದೆ. ಅಂಥ ಪ್ರತಿಯೊಂದು ಬಿಂದುವಿನ ಜಾಗ ಮತ್ತು ದಿಕ್ಕನ್ನು ಅಂಕಿಗಳಲ್ಲಿ ಬರೆದಿಡುತ್ತದೆ. ಈ ಅಂಕಿಗಳ ಪಟ್ಟಿಗೆ ಟೆಂಪ್ಲೇಟ್ ಎನ್ನುತ್ತಾರೆ. ಮುಂದಿನ ಸಲ ನೀವು ಬೆರಳಿಟ್ಟಾಗ ಹೊಸ ಪಟ್ಟಿಯನ್ನು ಹಳೆಯದರ ಪಕ್ಕ ಇಟ್ಟು ನೋಡಿ, ಸಾಕಷ್ಟು ಬಿಂದುಗಳು ಹೊಂದಿದರೆ ಬಾಗಿಲು ತೆರೆಯುತ್ತದೆ.

ಯಂತ್ರ ಮಾರುವವರು ಇಲ್ಲೊಂದು ಸಮಾಧಾನ ಹೇಳುತ್ತಾರೆ: ‘ನಾವು ಚಿತ್ರ ಇಡುವುದಿಲ್ಲ, ಬರೀ ಅಂಕಿ ಇಡುತ್ತೇವೆ, ಅದರಿಂದ ಬೆರಳಚ್ಚನ್ನು ಮತ್ತೆ ಕಟ್ಟಲಾಗದು.’ ಮಾತಿನ ಮೊದಲರ್ಧ ನಿಜವಿರಬಹುದು, ಕೊನೆಯದನ್ನು ನಂಬಬೇಡಿ. 2007ರಲ್ಲೇ ಅರುಣ್ ರಾಸ್, ಜಿಜ್ಞಾ ಶಾ ಮತ್ತು ಅನಿಲ್ ಜೈನ್ ಬಿಂದುಗಳ ಪಟ್ಟಿಯಿಂದಲೇ ಬೆರಳಚ್ಚಿನ ಚಿತ್ರವನ್ನು ಮತ್ತೆ ರಚಿಸಬಹುದೆಂದು ತೋರಿಸಿದರು. ಅದೇ ವರ್ಷ ಇಟಲಿಯ ರಫೇಲ್ ಕಪೆಲ್ಲಿ ಮತ್ತು ಸಂಗಡಿಗರು ಹಾಗೆ ಕಟ್ಟಿದ ಚಿತ್ರಗಳು ಬೆರಳಚ್ಚು ಹೋಲಿಸುವ ತಂತ್ರಾಂಶಗಳನ್ನು ಏಮಾರಿಸಬಲ್ಲವು ಎಂದು ಪ್ರಕಟಿಸಿದರು. ಹೀಗಾಗಿ ಟೆಂಪ್ಲೇಟನ್ನು ಬೆರಳಿನಷ್ಟೇ ಜೋಪಾನ ಮಾಡಬೇಕು.

‘ಪಾಸ್‌ವರ್ಡಿಗೆ ಮಾಡಿದಂತೆ ಹ್ಯಾಶ್ ಮಾಡಿಟ್ಟರೆ ಮುಗಿಯಿತಲ್ಲ?’ ಎಂದು ತಂತ್ರಜ್ಞಾನ ಬಲ್ಲವರು ಕೇಳುವುದುಂಟು. ಮೂಲವನ್ನು ಮತ್ತೆ ಪಡೆಯಲಾಗದಂತೆ ಬೇರೊಂದು ಅಂಕಿಸಾಲಾಗಿ ಬದಲಿಸಿಡುವುದಕ್ಕೆ ಹ್ಯಾಶ್ ಎನ್ನುತ್ತಾರೆ. ಪಾಸ್‌ವರ್ಡನ್ನು ನೀವು ಪ್ರತಿ ಸಲವೂ ಅಕ್ಷರ ತಪ್ಪದೆ ಒತ್ತುತ್ತೀರಿ, ಅದರಿಂದ ಹ್ಯಾಶ್ ಕೂಡ ಪ್ರತಿ ಸಲ ಒಂದೇ ಬರುತ್ತದೆ. ಬೆರಳು ಹಾಗಲ್ಲ. ಇವತ್ತು ಸ್ವಲ್ಪ ಓರೆಯಾಗಿ ಇಟ್ಟಿರಿ, ನಿನ್ನೆ ಬೆವರಿತ್ತು, ಮೊನ್ನೆ ಚರ್ಮ ಒಣಗಿತ್ತು. ಎರಡು ಸ್ಕ್ಯಾನ್ ಎಂದೂ ಪೂರ್ತಿ ಒಂದೇ ಇರುವುದಿಲ್ಲ. ಒಂದು ಅಂಕಿ ಬದಲಾದರೂ ಹ್ಯಾಶ್ ಸಂಪೂರ್ಣ ಬೇರೆಯಾಗುವುದರಿಂದ ನಿಮ್ಮ ಬೆರಳನ್ನು ನಿಮ್ಮದೇ ಯಂತ್ರ ಒಪ್ಪುವುದಿಲ್ಲ. ಈ ತೊಡಕನ್ನು ಬಿಡಿಸಲೆಂದೇ ಹುಟ್ಟಿದ ಬೇರೆ ವಿಧಾನಗಳ ಬಗ್ಗೆ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಒಂದು ಮಾತು: ಯಾರಾದರೂ ‘ಬೆರಳಚ್ಚನ್ನು ಹ್ಯಾಶ್ ಮಾಡಿದ್ದೇವೆ’ ಎಂದರೆ ಹೇಗೆ ಮಾಡಿದ್ದೀರಿ ಎಂದು ಇನ್ನೊಂದು ಪ್ರಶ್ನೆ ಕೇಳಿ.

ಹೆಜ್ಜೆ 1: ಕಾಗದ ತೆಗೆದುಕೊಂಡು ಪಟ್ಟಿ ಮಾಡಿ

ಅರ್ಧ ಗಂಟೆಯ ಕೆಲಸ. ಈಗಿನ ಫೋನ್, ಹಿಂದಿನ ಫೋನ್, ಲ್ಯಾಪ್‌ಟಾಪ್, ಬೆರಳಿಗೆ ತೆರೆಯುವ ಬಾಗಿಲ ಬೀಗ, ತಿಜೋರಿ, ಈಗಿನ ಕಚೇರಿ, ಹಿಂದಿನ ಕಚೇರಿಗಳು, ವ್ಯಾಯಾಮಶಾಲೆ, ಗ್ರಂಥಾಲಯ, ಮಕ್ಕಳ ಶಾಲೆ, ವೀಸಾ ಅರ್ಜಿ, ಸರ್ಕಾರಿ ಗುರುತಿನ ಚೀಟಿ. ಶಾಯಿ ಹಚ್ಚಿ ಹೆಬ್ಬೆಟ್ಟು ಒತ್ತಿದ ಕಾಗದಗಳನ್ನೂ ಮರೆಯಬೇಡಿ. ಆ ಕಾಗದವನ್ನು ಯಾರೋ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಿದ್ದರೆ ನಿಮ್ಮ ಹೆಬ್ಬೆರಳು ಊರವರಿಗೆಲ್ಲ ಸಿಕ್ಕಂತೆ.

ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆಯಿರಿ: ಯಾವ ಕೈಯ ಯಾವ ಬೆರಳು ಕೊಟ್ಟಿದ್ದು, ಅದು ಸಾಧನದೊಳಗೇ ಇದೆಯೋ ಬೇರೆಯವರ ಸರ್ವರ್‌ಗೆ ಹೋಗಿದೆಯೋ, ಈಗಲೂ ಅದರ ಅಗತ್ಯವಿದೆಯೋ. ಎರಡನೆಯದರ ಉತ್ತರ ಗೊತ್ತಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನನ್ನ ಪಟ್ಟಿಯಲ್ಲಿ ಅಂಥ ಚಿಹ್ನೆಗಳೇ ಹೆಚ್ಚಿದ್ದವು.

ಅಗತ್ಯ ಮುಗಿದ ಕಡೆಗಳಿಗೆಲ್ಲ ಈ ವಾರವೇ ಬರೆದು ಅಳಿಸಲು ಕೇಳಿ. ಬಾಯಿಮಾತಿನಲ್ಲಿ ಬೇಡ, ಮಿಂಚಂಚೆಯಲ್ಲಿ ಕೇಳಿ, ಅಳಿಸಿದ್ದಕ್ಕೆ ಲಿಖಿತ ಉತ್ತರ ಕೇಳಿ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿಯನ್ನು ಕಾಯುವ ಜಿಡಿಪಿಆರ್ ನಿಯಮ, ವ್ಯಕ್ತಿಯನ್ನು ಗುರುತಿಸಲು ಬಳಸುವ ಬೆರಳಚ್ಚನ್ನು ವಿಶೇಷ ವರ್ಗದ ಮಾಹಿತಿ ಎನ್ನುತ್ತದೆ. ಅಳಿಸಲು ಕೇಳುವ ಹಕ್ಕನ್ನೂ ಕೊಡುತ್ತದೆ. ಅಂಥ ಕಾನೂನು ಇಲ್ಲದ ಕಡೆಯೂ ಲಿಖಿತ ವಿನಂತಿಗೆ ತೂಕವಿದೆ: ನಾಳೆ ಏನಾದರೂ ಸೋರಿದರೆ, ಅಳಿಸಲು ನೀವು ಹೇಳಿದ್ದಿರಿ ಎಂಬುದಕ್ಕೆ ಅದು ಸಾಕ್ಷಿ.

ಹೆಜ್ಜೆ 2: ಬೆರಳುಗಳನ್ನು ಹಂಚಿ

ಬೆರಳಚ್ಚನ್ನು ಬದಲಿಸಲಾಗದು ನಿಜ, ಆದರೆ ಹತ್ತು ಬೆರಳಿವೆ. ಎಲ್ಲ ಕಡೆಯೂ ಬಲಗೈ ಹೆಬ್ಬೆರಳನ್ನೇ ಕೊಡುವುದೆಂದರೆ ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡ್ ಇಟ್ಟಂತೆ. ಕಚೇರಿಯ ಯಂತ್ರಕ್ಕೆ ಎಡಗೈಯ ಉಂಗುರ ಬೆರಳು, ಫೋನಿಗೆ ಬಲಗೈಯ ತೋರುಬೆರಳು, ಬಾಗಿಲ ಬೀಗಕ್ಕೆ ಎಡಗೈಯ ನಡುಬೆರಳು, ಹೀಗೆ ಬೇರೆ ಬೇರೆ ಇಡಿ. ಆಗ ಕಚೇರಿಯಿಂದ ಸೋರಿದ್ದು ಫೋನನ್ನು ತೆರೆಯದು. ಯಂತ್ರ ಹತ್ತು ಬೆರಳಿಗೂ ಜಾಗ ತೋರಿಸಿತೆಂದು ಹತ್ತನ್ನೂ ಕೊಡಬೇಡಿ. ಒಂದು ಗಾಯವಾದರೆ ಇನ್ನೊಂದಿರಲಿ ಎಂದು ಎರಡು ಕೊಟ್ಟರೆ ಸಾಕು. ಯಾವುದನ್ನು ಎಲ್ಲಿ ಕೊಟ್ಟಿರಿ ಎಂಬುದನ್ನು ಪಟ್ಟಿಯಲ್ಲಿ ತಿದ್ದಿಕೊಳ್ಳಿ.

ಹೆಜ್ಜೆ 3: ಫೋನ್, ಲ್ಯಾಪ್‌ಟಾಪ್

ಬೆರಳಚ್ಚು ಇರುವ ಜಾಗಗಳಲ್ಲಿ ಒಳ್ಳೆಯ ಫೋನ್ ಎಲ್ಲಕ್ಕಿಂತ ಸುರಕ್ಷಿತ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. 2013ರಲ್ಲಿ ಆಪಲ್ ತನ್ನ ಫೋನಿಗೆ ಬೆರಳಚ್ಚು ಓದುವ ಟಚ್ ಐಡಿ ತಂದಾಗ, ಟೆಂಪ್ಲೇಟನ್ನು ಮುಖ್ಯ ಸಂಸ್ಕಾರಕದಿಂದ ಬೇರೆಯಾಗಿರುವ ಸೆಕ್ಯೂರ್ ಎನ್‌ಕ್ಲೇವ್ ಎಂಬ ಭಾಗದ ವಶಕ್ಕೆ ಕೊಟ್ಟಿತು. ಅದು ಫೋನ್ ಬಿಟ್ಟು ಹೊರಹೋಗುವುದಿಲ್ಲ, ಐಕ್ಲೌಡ್ ಬ್ಯಾಕಪ್ಪಿಗೂ ಸೇರುವುದಿಲ್ಲ. ಆಂಡ್ರಾಯ್ಡ್‌ನಲ್ಲೂ ನಿಯಮದಂತೆ ತಯಾರಾದ ಫೋನುಗಳು ಇದನ್ನು ಪ್ರತ್ಯೇಕ ಸುರಕ್ಷಿತ ವಲಯದಲ್ಲೇ ಇಡುತ್ತವೆ. ಬ್ಯಾಂಕಿನ ಆ್ಯಪ್‌ಗೆ ‘ಹೊಂದಿತು’ ಅಥವಾ ‘ಹೊಂದಲಿಲ್ಲ’ ಎಂಬ ಉತ್ತರ ಸಿಗುತ್ತದೆಯೇ ಹೊರತು ಬೆರಳಚ್ಚು ಸಿಗುವುದಿಲ್ಲ.

ಶಿಸ್ತು ತಪ್ಪಿದರೆ ಏನಾಗುತ್ತದೆ ಎಂಬುದೂ ನಮ್ಮ ಕಣ್ಣಮುಂದಿದೆ. ಎಚ್‌ಟಿಸಿ ಒನ್ ಮ್ಯಾಕ್ಸ್ ಫೋನು ಬೆರಳಚ್ಚಿನ ಚಿತ್ರವನ್ನೇ ಸಾದಾ ಕಡತವಾಗಿ ಇಡುತ್ತಿತ್ತು. ಯಾವ ಆ್ಯಪ್ ಬೇಕಾದರೂ ಅದನ್ನು ಓದಬಹುದಿತ್ತು. 2015ರಲ್ಲಿ ಭದ್ರತಾ ಕಂಪನಿ ಫೈರ್‌ಐ ಸಂಶೋಧಕರು ಹೊರಗೆಡಹಿದ ಮೇಲೆ ಅದು ಸರಿಯಾಯಿತು. ಆದ್ದರಿಂದ ಭದ್ರತಾ ಅಪ್‌ಡೇಟ್ ನಿಂತುಹೋದ ಫೋನಿನಲ್ಲಿ ಬೆರಳಚ್ಚನ್ನು ತೆಗೆದು ಪಿನ್ ಇಟ್ಟುಕೊಳ್ಳುವುದೇ ಒಳ್ಳೆಯದು.

ಈಗ ಸೆಟ್ಟಿಂಗ್ಸ್ ತೆರೆದು ದಾಖಲಾದ ಬೆರಳುಗಳನ್ನು ನೋಡಿ. ಎಂದೋ ಅನುಕೂಲಕ್ಕೆಂದು ಸೇರಿಸಿದ ಬೇರೆಯವರ ಬೆರಳಿದ್ದರೆ ಅಳಿಸಿ. ದಾಖಲಾದ ಯಾವ ಬೆರಳಾದರೂ ಫೋನನ್ನಷ್ಟೇ ಅಲ್ಲ, ಬೆರಳಚ್ಚನ್ನು ನಂಬುವ ಆ್ಯಪ್‌ಗಳನ್ನೂ ತೆರೆಯಬಹುದು. ಹೊಸ ಬೆರಳು ಸೇರಿಸಿದ ಕೂಡಲೇ ಒಳ್ಳೆಯ ಬ್ಯಾಂಕ್ ಆ್ಯಪ್ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮದು ಕೇಳುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಕೇಳದಿದ್ದರೆ ಆ ಆ್ಯಪ್‌ನಲ್ಲಿ ಬೆರಳಚ್ಚಿನ ಬಳಕೆಯನ್ನು ನಿಲ್ಲಿಸಿಬಿಡಿ.

ಪಿನ್ ಬಗ್ಗೆ ಒಂದು ಮಾತು. ಬೆರಳಿಟ್ಟು ತೆರೆಯುವ ಫೋನಿನ ಕೆಳಗೆ ಯಾವಾಗಲೂ ಒಂದು ಪಿನ್ ಇರುತ್ತದೆ. ಆ ಪಿನ್ ಗೊತ್ತಿದ್ದವರು ತಮ್ಮ ಬೆರಳನ್ನೂ ಸೇರಿಸಬಲ್ಲರು. ನಾಲ್ಕಂಕಿಯ ಹುಟ್ಟಿದ ವರ್ಷ ಇಟ್ಟಿದ್ದರೆ ಬೆರಳಚ್ಚಿನ ಭದ್ರತೆಯೂ ಅಷ್ಟರಮಟ್ಟಿನದೇ. ಆರಂಕಿಗಿಂತ ಕಡಿಮೆ ಬೇಡ. ಯಾರಾದರೂ ಬಲವಂತವಾಗಿ ಬೆರಳು ಇಡಿಸುವ ಭಯವಿರುವ ಜಾಗಕ್ಕೆ ಹೋಗುವ ಮುನ್ನ ಫೋನನ್ನು ಆಫ್ ಮಾಡಿ. ಮತ್ತೆ ಆನ್ ಮಾಡಿದಾಗ ಮೊದಲ ಸಲ ಪಿನ್ ಬೇಕೇ ಬೇಕು, ಬೆರಳು ನಡೆಯದು.

ಲ್ಯಾಪ್‌ಟಾಪಿನಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೊಂದಿದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಟೆಂಪ್ಲೇಟ್ ಇರುವುದು ಡಿಸ್ಕಿನಲ್ಲಲ್ಲ, ಬೆರಳಿಡುವ ಸೆನ್ಸರ್ ಚಿಪ್ಪಿನೊಳಗೆ. ಡಿಸ್ಕನ್ನು ಪೂರ್ತಿ ಅಳಿಸಿ ಮಾರಿದರೂ ಅದು ಅಲ್ಲೇ ಉಳಿದಿರಬಹುದು. ಮಾರುವ ಮುಂಚೆ, ಡಿಸ್ಕ್ ಅಳಿಸುವುದಕ್ಕೂ ಮೊದಲು, ಸೆಟ್ಟಿಂಗ್ಸ್‌ಗೆ ಹೋಗಿ ಬೆರಳಚ್ಚನ್ನು ತೆಗೆದುಹಾಕಿ.

ಹೆಜ್ಜೆ 4: ಬೆರಳಿಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಹೊಸ ಕಡೆ ಬೆರಳು ಕೇಳಿದಾಗ ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡಿ ಬೆರಳಿಟ್ಟುಬಿಡುತ್ತೇವೆ. ನಾನೂ ಇಟ್ಟಿದ್ದೇನೆ. ಈಗ ಕೇಳುತ್ತೇನೆ: ಬೆರಳಿಲ್ಲದೆ ಕಾರ್ಡ್ ಅಥವಾ ಪಿನ್‌ನಿಂದ ಆಗುವುದಿಲ್ಲವೇ? ಚಿತ್ರವನ್ನು ಇಡುತ್ತೀರೋ, ಟೆಂಪ್ಲೇಟನ್ನೋ? ಅದು ಈ ಯಂತ್ರದಲ್ಲೇ ಇರುತ್ತದೋ, ಕಂಪನಿಯ ಸರ್ವರಿನಲ್ಲೋ, ಯಂತ್ರ ಮಾರಿದವರ ಸರ್ವರಿನಲ್ಲೋ? ನಾನು ಬಿಟ್ಟುಹೋದ ಮೇಲೆ ಎಷ್ಟು ದಿನಕ್ಕೆ ಅಳಿಸುತ್ತೀರಿ? ನಿಮ್ಮ ಸಂಸ್ಥೆ ಮುಚ್ಚಿಹೋದರೆ ಅದು ಯಾರ ಕೈಗೆ ಹೋಗುತ್ತದೆ?

ಕೊನೆಯ ಪ್ರಶ್ನೆ ಅತಿಯಾಯಿತು ಎನ್ನಿಸಬಹುದು. ಆದರೆ ಅಮೆರಿಕದಲ್ಲಿ ಬೆರಳೊತ್ತಿ ಹಣ ಕೊಡುವ ವ್ಯವಸ್ಥೆ ನಡೆಸುತ್ತಿದ್ದ ಪೇ ಬೈ ಟಚ್ ಎಂಬ ಕಂಪನಿ 2007ರ ಕೊನೆಯಲ್ಲಿ ದಿವಾಳಿಯಾಯಿತು. ಗ್ರಾಹಕರ ಬೆರಳಚ್ಚನ್ನೂ ಆಸ್ತಿಯೆಂದು ಮಾರಿಬಿಟ್ಟರೆ ಏನು ಗತಿ ಎಂಬ ಆತಂಕ ಆಗ ಎದ್ದಿತು. ಮರುವರ್ಷ, 2008ರಲ್ಲಿ, ಇಲಿನಾಯ್ ರಾಜ್ಯ ಬಯೋಮೆಟ್ರಿಕ್ ಮಾಹಿತಿಗೆಂದೇ ಕಾನೂನು ಮಾಡಿತು. ಅದರ ಪ್ರಕಾರ ಬೆರಳಚ್ಚು ತೆಗೆದುಕೊಳ್ಳುವ ಮುಂಚೆ ಲಿಖಿತ ಒಪ್ಪಿಗೆ ಬೇಕು. ಪಡೆದ ಉದ್ದೇಶ ತೀರಿದ ಮೇಲೆ, ಅಥವಾ ಆ ವ್ಯಕ್ತಿಯ ಜೊತೆಗಿನ ಕೊನೆಯ ವ್ಯವಹಾರದಿಂದ ಮೂರು ವರ್ಷದೊಳಗೆ, ಯಾವುದು ಮೊದಲೋ ಆಗ ಅಳಿಸಬೇಕು. ಬೆರಳಚ್ಚನ್ನು ಮಾರುವಂತಿಲ್ಲ.

ಮೊದಲ ಪ್ರಶ್ನೆಗೂ ಬಲವಾದ ಉದಾಹರಣೆಯಿದೆ. 2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ, ವಿರಾಮ ಕೇಂದ್ರಗಳನ್ನು ನಡೆಸುವ ಸರ್ಕೋ ಲೀಷರ್ ಎಂಬ ಸಂಸ್ಥೆಗೆ ಹಾಜರಾತಿಗಾಗಿ ಮುಖ ಮತ್ತು ಬೆರಳಚ್ಚು ತೆಗೆದುಕೊಳ್ಳುವುದನ್ನು ನಿಲ್ಲಿಸಲು ಆದೇಶಿಸಿತು. 38 ಕೇಂದ್ರಗಳ 2,000ಕ್ಕೂ ಹೆಚ್ಚು ನೌಕರರ ವಿಷಯ ಅದು. ಗುರುತಿನ ಕಾರ್ಡ್‌ನಂಥ ಸರಳ ದಾರಿಗಳಿದ್ದವು, ಬೇಡವೆನ್ನುವ ಅವಕಾಶವನ್ನು ನೌಕರರಿಗೆ ಸರಿಯಾಗಿ ಕೊಟ್ಟಿರಲಿಲ್ಲ ಎಂಬುದು ಕಚೇರಿಯ ನಿಲುವು.

ಬೇಡವೆನ್ನುವ ಅವಕಾಶ ನಿಮಗೂ ಇಲ್ಲದಿರಬಹುದು, ಕೆಲಸ ಬಿಡಲಾಗದು. ಆಗ ಎರಡನೇ ಹೆಜ್ಜೆಯಲ್ಲಿ ಹೇಳಿದಂತೆ ಬೇರೆಲ್ಲೂ ಬಳಸದ ಬೆರಳೊಂದನ್ನು ಕೊಡಿ, ಕೊಟ್ಟ ದಿನಾಂಕ ಬರೆದಿಟ್ಟುಕೊಳ್ಳಿ.

ಹೆಜ್ಜೆ 5: ನೀವೇ ಕಾಪಿಡುವವರಾದರೆ

ಇಲ್ಲಿಂದ ಮುಂದಿನ ಮಾತು, ಜನರ ಬೆರಳಚ್ಚು ಇಟ್ಟುಕೊಂಡಿರುವ ಕಚೇರಿ, ಶಾಲೆ, ಸಂಘಗಳ ಹೊಣೆಗಾರರಿಗೆ. ಮೊದಲ ಸಲಹೆ: ಬೇಡದಿದ್ದರೆ ಇಡಲೇಬೇಡಿ. ಯಾರ ಬದಲು ಯಾರೋ ಹಾಜರಿ ಹಾಕುತ್ತಾರೆ ಎಂಬ ತೊಂದರೆಗೆ ನೂರು ಜನರ ಬೆರಳಚ್ಚಿನ ಭಾರ ಹೊರುವುದು ಸರಿಯೇ ಎಂದು ಒಮ್ಮೆ ಯೋಚಿಸಿ. ನನ್ನ ಮಟ್ಟಿಗೆ ಹಾಜರಾತಿಗೆ ಬೆರಳಚ್ಚು ಬೇಕಾಗುವ ಸಂದರ್ಭಗಳು ತೀರಾ ಕಡಿಮೆ.

ಬೇಕೇ ಬೇಕೆಂದರೆ, ಟೆಂಪ್ಲೇಟ್ ನಿಮ್ಮ ಬಳಿ ಇರದಂಥ ವ್ಯವಸ್ಥೆಯನ್ನು ಕೊಳ್ಳಿ. ಟೆಂಪ್ಲೇಟನ್ನು ನೌಕರರ ಸ್ಮಾರ್ಟ್ ಕಾರ್ಡ್‌ನೊಳಗೇ ಇಡುವ ಯಂತ್ರಗಳಿವೆ. ನೌಕರ ಕಾರ್ಡ್ ತೋರಿಸಿ ಬೆರಳಿಡುತ್ತಾನೆ, ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ, ಗೋಡೆಯ ಮೇಲಿನ ಯಂತ್ರದಲ್ಲಿ ಏನೂ ಉಳಿಯುವುದಿಲ್ಲ. ಯಂತ್ರವನ್ನು ಕಿತ್ತೊಯ್ದರೂ ಕಳ್ಳನಿಗೆ ಸಿಗುವುದು ಖಾಲಿ ಡಬ್ಬಿ. ಕಾರ್ಡ್ ಕಳೆದರೆ ಒಬ್ಬರದು ಮಾತ್ರ ಹೋಯಿತು. ಒಂದೇ ಕಡೆ ರಾಶಿ ಹಾಕುವುದರ ಅಪಾಯ 2019ರ ಆಗಸ್ಟ್‌ನಲ್ಲಿ ಬಯೋಸ್ಟಾರ್ 2 ಪ್ರಕರಣದಲ್ಲಿ ಕಂಡಿತು. ಕಟ್ಟಡಗಳ ಪ್ರವೇಶ ನಿಯಂತ್ರಿಸುವ ಆ ವ್ಯವಸ್ಥೆಯ ದತ್ತಸಂಚಯ (ಡೇಟಾಬೇಸ್) ಕಾವಲಿಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿತ್ತು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬೆರಳಚ್ಚುಗಳಿದ್ದವು ಎಂದು ಕಂಡುಹಿಡಿದ ಸಂಶೋಧಕರು ಹೇಳಿದರು. ಬಾಧಿತರ ಸಂಖ್ಯೆ ಅಷ್ಟಿಲ್ಲ ಎಂದು ಕಂಪನಿ ವಾದಿಸಿತು.

ಸರ್ವರಿನಲ್ಲೇ ಇಡುವುದು ಅನಿವಾರ್ಯವಾದರೆ ಕೆಲಸ ಹೆಚ್ಚುತ್ತದೆ. ಟೆಂಪ್ಲೇಟ್ ತಯಾರಾದ ಕೂಡಲೇ ಮೂಲ ಚಿತ್ರವನ್ನು ಅಳಿಸಬೇಕು. ಯಂತ್ರ ಅದನ್ನು ಎಲ್ಲೋ ಒಂದು ತಾತ್ಕಾಲಿಕ ಕಡತದಲ್ಲಿ ಬಿಟ್ಟಿರಬಹುದು, ಮಾರಿದವರಿಂದ ಇದಕ್ಕೆ ಲಿಖಿತ ಖಾತರಿ ಪಡೆಯಿರಿ. ಹೆಸರು, ವಿಳಾಸ, ಸಂಬಳದ ವಿವರ ಒಂದು ದತ್ತಸಂಚಯದಲ್ಲಿರಲಿ, ಟೆಂಪ್ಲೇಟ್ ಇನ್ನೊಂದರಲ್ಲಿರಲಿ, ಎರಡನ್ನೂ ಜೋಡಿಸುವುದು ಅರ್ಥವಿಲ್ಲದ ಯಾದೃಚ್ಛಿಕ ಸಂಖ್ಯೆಯೊಂದೇ ಆಗಿರಲಿ. ಟೆಂಪ್ಲೇಟ್‌ಗಳನ್ನು ಎಇಎಸ್-256ರಂಥ ವಿಧಾನದಲ್ಲಿ, ಕೀ ಎಂಬ ಗುಪ್ತ ಸಂಖ್ಯೆಯಿಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿ. ಇಷ್ಟನ್ನು ಹಲವರು ಮಾಡುತ್ತಾರೆ. ಎಡವುವುದು ಮುಂದಿನ ಹಂತದಲ್ಲಿ: ಕೀಯನ್ನು ಅದೇ ಸರ್ವರಿನ ಯಾವುದೋ ಕಡತದಲ್ಲಿ ಬರೆದಿಟ್ಟಿರುತ್ತಾರೆ. ಬೀಗ ಹಾಕಿ ಕೀಲಿಯನ್ನು ಬಾಗಿಲ ಚಿಲಕಕ್ಕೇ ನೇತುಹಾಕಿದಂತಾಯಿತು. ಕೀ ಇರಬೇಕಾದ್ದು ಪ್ರತ್ಯೇಕ ಭದ್ರತಾ ಸಾಧನದಲ್ಲಿ ಅಥವಾ ಕೀ ಕಾಯುವ ಪ್ರತ್ಯೇಕ ಸೇವೆಯಲ್ಲಿ. ದತ್ತಸಂಚಯ ನೋಡಿಕೊಳ್ಳುವವರ ಕೈಗೂ ಅದು ಸಿಗಬಾರದು.

ಒಬ್ಬೊಬ್ಬರ ಟೆಂಪ್ಲೇಟಿಗೂ ಬೇರೆ ಬೇರೆ ಕೀ ಇಡುವುದು ಸಾಧ್ಯವಾದರೆ ಖಂಡಿತ ಹಾಗೆ ಮಾಡಿ. ಇದರ ಲಾಭ ಗೊತ್ತಾಗುವುದು ಅಳಿಸುವಾಗ. ನೌಕರರೊಬ್ಬರು ಬಿಟ್ಟುಹೋದರು, ಸರ್ವರಿನಿಂದ ಅಳಿಸಿದಿರಿ. ಆದರೆ ಕಳೆದ ತಿಂಗಳ ಬ್ಯಾಕಪ್‌ನಲ್ಲಿ, ಅದರ ಹಿಂದಿನ ತಿಂಗಳ ಬ್ಯಾಕಪ್‌ನಲ್ಲಿ, ಬೇರೆ ಊರಿನ ಪ್ರತಿಯಲ್ಲಿ ಅವರ ಬೆರಳು ಇದ್ದೇ ಇದೆ. ಒಂದೊಂದನ್ನೂ ತೆರೆದು ಹುಡುಕಿ ಅಳಿಸುವವರು ಯಾರು? ಪ್ರತ್ಯೇಕ ಕೀ ಇದ್ದರೆ ಆ ಒಂದು ಕೀಯನ್ನು, ಅದರ ಪ್ರತಿಗಳ ಸಮೇತ, ನಾಶಮಾಡಿದರೆ ಸಾಕು, ಎಲ್ಲ ಬ್ಯಾಕಪ್‌ಗಳಲ್ಲೂ ಅವರ ಟೆಂಪ್ಲೇಟ್ ಓದಲಾಗದ ಕಸವಾಗುತ್ತದೆ. ಕೀಗಳ ಬ್ಯಾಕಪ್ ಮತ್ತು ಟೆಂಪ್ಲೇಟ್‌ಗಳ ಬ್ಯಾಕಪ್ ಒಂದೇ ಕಡೆ ಸೇರದಂತೆ ಮಾತ್ರ ನೋಡಿಕೊಳ್ಳಿ.

ಹ್ಯಾಶ್ ಬಗ್ಗೆ ಆಗ ಬಿಟ್ಟ ಮಾತನ್ನು ಇಲ್ಲಿ ಮುಗಿಸುತ್ತೇನೆ. ಸ್ವಲ್ಪ ವ್ಯತ್ಯಾಸವಾದರೂ ಹೊಂದಿಸಿಕೊಳ್ಳುವ, ಆದರೆ ಹಿಂತಿರುಗಿಸಲಾಗದ ರೂಪವನ್ನು ಹುಡುಕುವ ಕೆಲಸ ದಶಕಗಳಿಂದ ನಡೆದಿದೆ. 1999ರಲ್ಲಿ ಆರಿ ಜ್ಯೂಯಲ್ಸ್ ಮತ್ತು ಮಾರ್ಟಿನ್ ವಾಟೆನ್‌ಬರ್ಗ್, ದೋಷ ತಿದ್ದುವ ಸಂಕೇತಗಳನ್ನು ಬಳಸಿ ಇದಕ್ಕೊಂದು ದಾರಿ ತೋರಿಸಿದರು. 2001ರಲ್ಲಿ ಐಬಿಎಂನ ನಳಿನಿ ರಾಥಾ ಮತ್ತು ಸಹೋದ್ಯೋಗಿಗಳು ಮತ್ತೊಂದನ್ನು ಮುಂದಿಟ್ಟರು: ಬೆರಳಚ್ಚನ್ನು ಬೇಕೆಂದೇ ಒಂದು ನಿಗದಿತ ರೀತಿಯಲ್ಲಿ ತಿರುಚಿ, ತಿರುಚಿದ ರೂಪವನ್ನಷ್ಟೇ ಇಡುವುದು. ಅದು ಸೋರಿದರೆ ತಿರುಚುವ ರೀತಿಯನ್ನು ಬದಲಿಸಿ ಹೊಸ ಟೆಂಪ್ಲೇಟ್ ಮಾಡಿಕೊಳ್ಳಬಹುದು, ಪಾಸ್‌ವರ್ಡ್ ಬದಲಿಸಿದ ಹಾಗೆ. ಐಎಸ್‌ಒ/ಐಇಸಿ 24745 ಎಂಬ ಅಂತರರಾಷ್ಟ್ರೀಯ ಮಾನದಂಡ ಕೇಳುವುದೂ ಇದನ್ನೇ. ಟೆಂಪ್ಲೇಟಿನಿಂದ ಬೆರಳನ್ನು ಮತ್ತೆ ಕಟ್ಟಲಾಗಬಾರದು, ಎರಡು ಸಂಸ್ಥೆಗಳಲ್ಲಿರುವ ಒಬ್ಬರ ಟೆಂಪ್ಲೇಟ್‌ಗಳನ್ನು ತಾಳೆ ಹಾಕಲಾಗಬಾರದು, ಸೋರಿದರೆ ರದ್ದುಮಾಡಿ ಹೊಸದು ಕೊಡಲಾಗಬೇಕು. ಯಂತ್ರ ಕೊಳ್ಳುವಾಗ ಮಾರುವವರಿಗೆ ಈ ಮಾನದಂಡದ ಸಂಖ್ಯೆ ಹೇಳಿ ಕೇಳಿ. ಉತ್ತರ ತಡವರಿಸಿದರೆ ನಿಮಗೊಂದು ಅಂದಾಜು ಸಿಗುತ್ತದೆ.

ಇನ್ನು ಯಂತ್ರದ ಬಳಿ ಹೋಗಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಹಲವು ಯಂತ್ರಗಳಲ್ಲಿ ಮೇಲ್ವಿಚಾರಕರನ್ನು ನೇಮಿಸದಿದ್ದರೆ ಮೆನು ಎಲ್ಲರಿಗೂ ತೆರೆದೇ ಇರುತ್ತದೆ, ನಾನು ಕಂಡ ಹಳೆಯ ಯಂತ್ರದಲ್ಲಿ ಆಗಿದ್ದೂ ಅದೇ. ಪೆನ್‌ಡ್ರೈವ್‌ಗೆ ಮಾಹಿತಿ ಇಳಿಸುವ ಸೌಲಭ್ಯವನ್ನು ನಿಲ್ಲಿಸಿ, ಆಗದಿದ್ದರೆ ಆ ಕಿಂಡಿಯನ್ನೇ ಮುಚ್ಚಿ. ಯಂತ್ರವನ್ನು ನೇರವಾಗಿ ಅಂತರ್ಜಾಲಕ್ಕೆ ಜೋಡಿಸಬೇಡಿ, ಅತಿಥಿಗಳ ವೈಫೈ ಇರುವ ಜಾಲದಲ್ಲೂ ಬೇಡ. ಯಂತ್ರ ಮತ್ತು ಸರ್ವರ್ ನಡುವಿನ ಮಾತುಕತೆ ಎನ್‌ಕ್ರಿಪ್ಟ್ ಆಗಿರಬೇಕು. ತಯಾರಕರ ಭದ್ರತಾ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿ. 2024ರ ಜೂನ್‌ನಲ್ಲಿ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ ಸಂಶೋಧಕರು ಝಡ್‌ಕೆಟೆಕೊ ಕಂಪನಿಯ ಬಯೋಮೆಟ್ರಿಕ್ ಯಂತ್ರಗಳಲ್ಲಿ 24 ದೋಷಗಳನ್ನು ಪ್ರಕಟಿಸಿದರು. ಒಳಗಿನ ಮಾಹಿತಿ ಕದಿಯಲು ದಾರಿಯಾಗುವಂಥವೂ ಅವುಗಳಲ್ಲಿದ್ದವು.

ಬೆರಳಚ್ಚೊಂದನ್ನೇ ಎಲ್ಲಕ್ಕೂ ಆಧಾರ ಮಾಡಿಕೊಳ್ಳಬೇಡಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ತನ್ನ ಮಾರ್ಗಸೂಚಿಯಲ್ಲಿ ಬಯೋಮೆಟ್ರಿಕ್ ಎಂಬುದು ಗುಟ್ಟಲ್ಲ ಎಂದೇ ಹೇಳುತ್ತದೆ. ನಾವು ಮುಟ್ಟಿದ ಲೋಟದ ಮೇಲೂ ಅದು ಉಳಿಯುತ್ತದೆ. 2002ರಲ್ಲಿ ಜಪಾನಿನ ತ್ಸುತೋಮು ಮಾತ್ಸುಮೋತೋ ಜೆಲಟಿನ್‌ನಿಂದ ಮಾಡಿದ ಬೆರಳಿನಿಂದ ಆಗಿನ ಸ್ಕ್ಯಾನರ್‌ಗಳನ್ನು ಏಮಾರಿಸಿ ತೋರಿಸಿದರು. 2014ರಲ್ಲಿ ಜರ್ಮನಿಯ ಯಾನ್ ಕ್ರಿಸ್ಲರ್, ಆಗಿನ ರಕ್ಷಣಾ ಸಚಿವೆ ಉರ್ಸುಲಾ ಫಾನ್ ಡೆರ್ ಲಾಯೆನ್ ಅವರ ಹೆಬ್ಬೆರಳಿನ ಗುರುತನ್ನು ಛಾಯಾಚಿತ್ರಗಳಿಂದಲೇ ಮರುರಚಿಸಿದ್ದಾಗಿ ಹೇಳಿದರು. ಬೆರಳಿನ ಜೊತೆ ಕಾರ್ಡ್ ಅಥವಾ ಪಿನ್ ಇರಲಿ. ಸ್ಕ್ಯಾನರ್ ಕೊಳ್ಳುವಾಗ ಜೀವಂತ ಬೆರಳನ್ನು ಗುರುತಿಸುವ ಶಕ್ತಿಯಿದೆಯೇ, ಐಎಸ್‌ಒ/ಐಇಸಿ 30107ರ ಪ್ರಕಾರ ಪರೀಕ್ಷೆಯಾಗಿದೆಯೇ ಎಂದು ಕೇಳಿ.

ಹೆಜ್ಜೆ 6: ಅಳಿಸುವ ದಿನ

ನೌಕರರು ಹೊರಡುವ ದಿನ ಕೀಲಿಕೈ, ಲ್ಯಾಪ್‌ಟಾಪ್ ಹಿಂದಕ್ಕೆ ಪಡೆಯುವ ಪಟ್ಟಿಯಲ್ಲೇ ಬೆರಳಚ್ಚು ಅಳಿಸುವುದನ್ನೂ ಸೇರಿಸಿ. ಸರ್ವರ್, ಪ್ರತಿ ಬಾಗಿಲಿನ ಯಂತ್ರ, ಯಂತ್ರ ಮಾರಿದವರ ಬಳಿ ಇರಬಹುದಾದ ಪ್ರತಿ, ಈ ಮೂರನ್ನೂ ನೋಡಬೇಕು. ಸರ್ವರಿನಲ್ಲಿ ಅಳಿಸಿದರೆ ಯಂತ್ರಗಳಿಂದಲೂ ತಾನಾಗಿ ಹೋಗುತ್ತದೆ ಎಂದು ಊಹಿಸಬೇಡಿ. ಆ ದಿನ ಜಾಲ ಕಡಿದಿದ್ದ ಯಂತ್ರದಲ್ಲಿ ಅದು ಉಳಿದೇ ಬಿಡಬಹುದು. ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಹೊರಡುವವರನ್ನೇ ಕರೆದು ಒಂದೊಂದು ಯಂತ್ರದ ಮೇಲೂ ಬೆರಳಿಡಲು ಹೇಳಿ, ಎಲ್ಲೂ ಗುರುತು ಹಿಡಿಯಬಾರದು. ಅವರ ಸಮಾಧಾನಕ್ಕೂ ಅದು ಒಳ್ಳೆಯದು.

ಯಂತ್ರವನ್ನೇ ಬಿಸಾಡುವಾಗ ಕಾರ್ಖಾನೆ ಸ್ಥಿತಿಗೆ ಮರಳಿಸಿ, ಮತ್ತೆ ಆನ್ ಮಾಡಿ ಪಟ್ಟಿ ಖಾಲಿಯಿದೆಯೇ ನೋಡಿ. ಪಟ್ಟಿ ಖಾಲಿ ಕಂಡರೂ ಒಳಗಿನ ಮೆಮೊರಿಯಲ್ಲಿ ಮಾಹಿತಿ ಉಳಿದಿರುವುದು ಸಾಧ್ಯ. ಆದ್ದರಿಂದ ಮಾರುವ ಆಸೆ ಬಿಟ್ಟು ಮೆಮೊರಿ ಚಿಪ್ಪನ್ನು ಒಡೆದುಹಾಕುವುದೇ ಲೇಸು. ಮನೆಯ ಬೆರಳಚ್ಚು ಬೀಗ, ತಿಜೋರಿ ಮಾರುವಾಗಲೂ ಒಳಗಿನ ಬೆರಳುಗಳನ್ನು ಅಳಿಸಿಯೇ ಕೊಡಿ. ಮನೆ ಬಿಡುವಾಗ ಬಾಗಿಲಿನ ಬೀಗವನ್ನು ಮರೆತು ಹೋಗುವವರು ಬಹಳ.

ಹೆಜ್ಜೆ 7: ಸೋರಿದೆ ಎಂದು ಗೊತ್ತಾದರೆ

ಹೊಣೆಗಾರರಾದರೆ ಮೊದಲು ಸರ್ವರನ್ನು ಜಾಲದಿಂದ ಕಳಚಿ, ಆದರೆ ದಾಖಲೆಗಳನ್ನು ಅಳಿಸಬೇಡಿ. ಯಾರು ಯಾವಾಗ ಒಳಬಂದರೆಂದು ತಿಳಿಯಲು ಅವು ಬೇಕು. ಕೀಗಳನ್ನು ಬದಲಿಸಿ. ಜನರಿಗೆ ತಡಮಾಡದೆ ತಿಳಿಸಿ. ಜಿಡಿಪಿಆರ್ ಅನ್ವಯಿಸುವ ಕಡೆ ಮೇಲ್ವಿಚಾರಣಾ ಸಂಸ್ಥೆಗೆ 72 ಗಂಟೆಯೊಳಗೆ ತಿಳಿಸಬೇಕು. ಸೋರಿದ್ದು ಚಿತ್ರವೋ ಟೆಂಪ್ಲೇಟೋ, ಎನ್‌ಕ್ರಿಪ್ಟ್ ಆಗಿತ್ತೇ, ಕೀ ಕೂಡ ಹೋಯಿತೇ, ಹೆಸರಿನ ಜೊತೆ ಹೋಯಿತೇ ಎಂದು ಬಿಡಿಸಿ ಹೇಳಿ. ‘ಕೆಲವು ಮಾಹಿತಿ ಬಾಧಿತವಾಗಿರಬಹುದು’ ಎಂಬ ಮಸುಕು ವಾಕ್ಯ ಓದಿದವರು ಏನನ್ನು ಬದಲಿಸಬೇಕೆಂದು ತಿಳಿಯದೆ ಕೂರುತ್ತಾರೆ. ಸಂಖ್ಯೆ ಕಡಿಮೆಯೆಂದು ಬೇಗನೆ ಸಮಾಧಾನವನ್ನೂ ಹೇಳಬೇಡಿ. 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯಿಂದ ಮಾಹಿತಿ ಕಳುವಾದಾಗ ಬೆರಳಚ್ಚು ಹೋಗಿರುವುದು ಸುಮಾರು 11 ಲಕ್ಷ ಜನರದು ಎಂದು ಮೊದಲು ಹೇಳಿದರು. ಸೆಪ್ಟೆಂಬರ್‌ನಲ್ಲಿ ಅದನ್ನು 56 ಲಕ್ಷ ಎಂದು ತಿದ್ದಬೇಕಾಯಿತು.

ನಿಮ್ಮದೇ ಬೆರಳಚ್ಚು ಸೋರಿದ್ದರೆ ಮೊದಲ ಹೆಜ್ಜೆಯ ಪಟ್ಟಿ ತೆಗೆಯಿರಿ. ಅದೇ ಬೆರಳು ಇನ್ನೆಲ್ಲೆಲ್ಲಿ ಇದೆ ನೋಡಿ, ಆ ಎಲ್ಲ ಕಡೆ ಅದನ್ನು ತೆಗೆದು ಬೇರೆ ಬೆರಳು ಕೊಡಿ. ಹಣಕ್ಕೆ ಸಂಬಂಧಿಸಿದ ಕಡೆ ಬೆರಳಚ್ಚಿನ ಬಳಕೆಯನ್ನೇ ನಿಲ್ಲಿಸಿ ಪಿನ್ ಅಥವಾ ಭದ್ರತಾ ಕೀ (ಗುರುತು ತೋರಿಸಲು ಬಳಸುವ ಪುಟ್ಟ ಸಾಧನ) ಇಟ್ಟುಕೊಳ್ಳಿ. ಹಣ ಹೊರಹೋದರೆ ಸಂದೇಶ ಬರುವಂತೆ ಮಾಡಿಕೊಳ್ಳಿ. ಸರ್ಕಾರಿ ಗುರುತಿನ ವ್ಯವಸ್ಥೆಗೆ ಬಯೋಮೆಟ್ರಿಕ್ ಬಳಕೆಯನ್ನು ತಡೆಹಿಡಿಯುವ ಸೌಲಭ್ಯವಿದ್ದರೆ ಅದನ್ನು ಬಳಸಿ, ಬೇಕಾದಾಗ ಮಾತ್ರ ತೆರೆಯಿರಿ. ಪಟ್ಟಿಯಲ್ಲಿ ಆ ಬೆರಳಿನ ಮುಂದೆ ‘ಸೋರಿದೆ’ ಎಂದು ಬರೆದು ದಿನಾಂಕ ಹಾಕಿ. ಹತ್ತು ವರ್ಷದ ನಂತರ ಹೊಸ ಯಂತ್ರವೊಂದು ಬೆರಳು ಕೇಳಿದಾಗ, ಯಾವುದನ್ನು ಕೊಡಬಾರದೆಂದು ಆ ಕಾಗದ ಹೇಳುತ್ತದೆ.